ಅತ್ತೆಯ ಕಣ್ಣು, ಡಬ್ಬಿಯ ಬಾಯಿ

ನಮ್ಮ ಸೋದರತ್ತೆಯ ಕಣ್ಣು ತಪ್ಪಿಸಿ ಹರಪನಹಳ್ಳಿಯಲ್ಲಿ ಒಂದು ಬೆಕ್ಕೂ ರಸ್ತೆ ದಾಟಿದ್ದಿಲ್ಲ! ಉತ್ಪ್ರೇಕ್ಷೆ ಅಂದುಕೊಂಡಿರಾ? ಬಸ್‌ಸ್ಟ್ಯಾಂಡಿನ ಹತ್ತಿರ ಅವರ ಮಿರ್ಚಿ ಅಂಗಡಿ ಇತ್ತು, ಆಗ ಬಂದು ನೋಡಬೇಕಿತ್ತು. ಒಂದು ಕಣ್ಣು ಬಾಣಲೆಯ ಮೇಲೆ, ಇನ್ನೊಂದು ತೆಲಿಗಿ ಬಸ್ಸಿನಿಂದ ಇಳಿಯುವವರ ಮೇಲೆ. ಯಾರು ಹೊಸ ಸೀರೆ ತಂದರು, ಯಾರು ಯಾರ ಜೊತೆ ಮಾತು ಬಿಟ್ಟರು, ಎಲ್ಲ ಅಲ್ಲೇ ತಿಳಿಯುತ್ತಿತ್ತು. ಎರಡು ಕ್ಷಣ ಒಂದೇ ಕಡೆ ನಿಂತ ಕಣ್ಣಲ್ಲ ಅದು.

ಆರು ತಿಂಗಳ ಹಿಂದೆ ಅತ್ತೆಗೆ ಲಕ್ವ ಹೊಡೆಯಿತು. ಕೈ ಹೋಯಿತು, ಕಾಲು ಹೋಯಿತು, ಮಾತಂತೂ ಪೂರ್ತಿ ನಿಂತಿತು. ಕಣ್ಣು ಮಾತ್ರ ಮೊದಲಿನಂತೆಯೇ ಉಳಿಯಿತು. ಅದರ ತಂಟೆಗೆ ಹೋಗಲು ಲಕ್ವಕ್ಕೂ ಧೈರ್ಯ ಬರಲಿಲ್ಲವೇನೋ! ಮಾವ ಅಂಗಡಿ ಮುಚ್ಚಿ ಮಂಚದ ಪಕ್ಕ ಕೂತುಬಿಟ್ಟರು. ಅತ್ತೆಗೆ ಬಾಯಾರಿಕೆಯೋ ಸೆಕೆಯೋ, ಎಲ್ಲ ಊಹೆಯ ಮೇಲೆಯೇ ನಡೆಯುತ್ತಿತ್ತು.

ಹೀಗಿರುವಾಗ ದಾವಣಗೆರೆಯ ಡಾಕ್ಟರಮ್ಮ ಒಬ್ಬರು ನನ್ನ ಕೈಗೆ ಒಂದು ಕಂಪ್ಯೂಟರ್ ಕೊಟ್ಟರು. ಪರದೆಯ ಕೆಳಗೊಂದು ಪುಟ್ಟ ಕ್ಯಾಮೆರಾ. ಅದು ನಮ್ಮ ಕಣ್ಣನ್ನೇ ಗಮನಿಸುತ್ತಿರುತ್ತದೆ. ಒಂದು ಅಕ್ಷರವನ್ನು ತುಸು ಹೊತ್ತು ದಿಟ್ಟಿಸಿದರೆ ಸಾಕು, ಬೆರಳಲ್ಲಿ ಒತ್ತಿದ ಹಾಗೆಯೇ. ಹೀಗೆ ಬರೆದ ಮಾತು ಮುಗಿದ ಮೇಲೆ ಆ ಡಬ್ಬಿಯೇ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ.

"ಒಂದು ವಾರ ನೋಡ್ರಿ. ಕಣ್ಣು ನಿಲ್ಲದಿದ್ರ ವಾಪಸ್ ತಂದ್ಕೊಡ್ರಿ, ಬೇರೆಯವ್ರು ಕಾಯಾಕತ್ತಾರ," ಅಂದರು.

ಕಣ್ಣು ನಿಲ್ಲಬೇಕಂತೆ! ಯಾರ ಕಣ್ಣು? ನಮ್ಮ ಅತ್ತೆಯ ಕಣ್ಣು!

ಮೊದಲ ದಿನ ಪರದೆಯನ್ನು ಕಿಟಕಿಯ ಮುಂದೆ ಇಟ್ಟೆ. ಅತ್ತೆ ಅದರ ಅಂಚಿನಿಂದಾಚೆ ಓಣಿ ನೋಡತೊಡಗಿದರು. ಅಂಚಿನಲ್ಲೇ 'ನೀರು' ಎಂಬ ಗುಂಡಿ ಇತ್ತು. ಡಬ್ಬಿ "ನೀರು, ನೀರು" ಅಂತ ಬಡಕೊಂಡಿತು. ಮಾವ ಏಳು ಲೋಟ ತಂದು ಸಾಲಾಗಿ ಇಟ್ಟರು. ಎಂಟನೆಯದಕ್ಕೆ ಹೊರಟಾಗ ನಾನು ತಡೆದೆ.

ಎರಡನೆಯ ದಿನ ಜಾಣತನ ಮಾಡಿ ಕಿಟಕಿ ಮುಚ್ಚಿದೆ. ಅತ್ತೆ ಕಣ್ಣೇ ಮುಚ್ಚಿಕೊಂಡರು! ಸಂಜೆಯವರೆಗೂ ತೆರೆಯಲಿಲ್ಲ.

"ಸಿಟ್ಟು ಬಂದೈತಿ ನಿಮ್ಮತ್ತಿಗೆ. ಕಿಟಕಿ ತಗಿಯಪ್ಪ," ಅಂದರು ಮಾವ.

ಆರನೆಯ ದಿನ ಬಂದರೂ ಒಂದು ನೆಟ್ಟಗಿನ ಪದ ಹುಟ್ಟಲಿಲ್ಲ. ನನಗೆ ಸಂಕಟ. ನಾಳೆ ಡಬ್ಬಿ ಹೋದರೆ ಅತ್ತೆಯ ಮಾತಿನ ಆಸೆಯೂ ಹೋದಂತೆಯೇ. ಮಾವ ಆಗಲೇ ಅದನ್ನು ತುಂಬಲು ಚೀಲ ಹುಡುಕುತ್ತಿದ್ದರು. ಅಷ್ಟರಲ್ಲಿ ಎದುರುಮನೆಯ ಗೌರಕ್ಕ ಬಂದು ಸುದ್ದಿ ಬಿಚ್ಚಿದರು.

"ಮಾಸ್ತರ ಮಗಳ ಮದಿವಿ ಗೊತ್ತಾತಂತ್ರಿ ಅಣ್ಣಾರ. ಹುಡುಗ ಕೂಡ್ಲಿಗಿಯಾವಂತ."

ಅತ್ತೆಯ ಕಣ್ಣು ಗೌರಕ್ಕನಿಂದ ಪರದೆಗೆ ಬಂತು. ನಿಂತಿತು! ಒಂದು ಅಕ್ಷರ. ಇನ್ನೊಂದು. ಕೊನೆಗೆ ಡಬ್ಬಿ ಬಸ್‌ಸ್ಟ್ಯಾಂಡಿನ ಮೈಕಿನಂಥ ದನಿಯಲ್ಲಿ ಹೇಳಿತು: "ಕೂಡ್ಲಿಗಿ ಅಲ್ಲ. ಹಡಗಲಿ."

ಆರು ತಿಂಗಳ ಮೇಲೆ ಆಡಿದ ಮೊದಲ ಮಾತು ನೋಡಿ! ನೋವು ತಡೆದುಕೊಂಡರು, ಬಾಯಾರಿಕೆ ತಡೆದುಕೊಂಡರು, ತಪ್ಪು ಸುದ್ದಿ ಮಾತ್ರ ತಡೆದುಕೊಳ್ಳಲಾಗಲಿಲ್ಲ.

"ಅಯ್ಯ ಯವ್ವಾ! ಇಲ್ಲೇ ಮಲಗಿ ಹೆಂಗ ಗೊತ್ತಾತಬೇ ನಿನಗ?" ಅಂತ ಗೌರಕ್ಕ ನಕ್ಕರು, ಅತ್ತರು. ನನ್ನದೂ ಅದೇ ಅವಸ್ಥೆ.

ಮಾವ ಚೀಲ ಬಿಟ್ಟು ಓಡಿ ಬಂದರು. "ಇನ್ನೇನರ ಹೇಳು. ಏನು ಬೇಕು ನಿನಗ? ಗಾಳಿನಾ? ಗುಳಗಿನಾ?"

ಅತ್ತೆ ಅವರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಂದೊಂದೇ ಅಕ್ಷರ. ಡಬ್ಬಿ ಓದಿತು: "ನೀವು ಬಾಳ ಸೊರಗೀರಿ."

ನಾವೆಲ್ಲ ಇಷ್ಟು ದಿನ ಮಂಚದ ಮೇಲಿದ್ದವರನ್ನೇ ನೋಡಿದ್ದೆವು. ಪಕ್ಕದಲ್ಲಿ ಕೂತವರ ಅಂಗಿ ಹೆಗಲಿನಿಂದ ಜಾರುತ್ತಿದ್ದುದು ಯಾರಿಗೂ ಕಂಡಿರಲಿಲ್ಲ. ನನಗೆ ನಾಚಿಕೆಯಾಯಿತು. ಮಾವ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು.

"ಉಣ್ಣಾಕ ಏಳ್ರಿ," ಅಂದಿತು ಡಬ್ಬಿ.

ಮಾವ ಎದ್ದು ರೊಟ್ಟಿಯ ತಟ್ಟೆ ಹಿಡಿದು ಬಂದು, ಅತ್ತೆಗೆ ಕಾಣುವ ಹಾಗೆ ಕೂತು ಉಂಡರು.