ಬೀಗ ಹಾಕಿದ ಕೋಣೆಯಲ್ಲಿ ನಾನು ಮಾಡಿದ ಪಾಠದ ಬಗ್ಗೆ

ಮಾನ್ಯ ವಿದ್ಯಾರ್ಥಿ ಅಭಿಪ್ರಾಯ ಸಂಗ್ರಹ ತಂತ್ರಾಂಶದವರೇ,

ತಮಗೆ ಅನಂತ ವಂದನೆಗಳು. ತಾವು ಸರ್ವರ್ ಕೋಣೆಯ ತಂಪಿನಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಏಳು ವರ್ಷಗಳಿಂದ ಎಡೆಬಿಡದೆ ತಾತ್ಕಾಲಿಕಳಾಗಿರುವ ಉಪನ್ಯಾಸಕಿಯಾದ ನಾನು ಕೂಡ, ತಾವು ಕಳಿಸಿದ ಫಲಿತಾಂಶ ಓದುವವರೆಗೆ ಕ್ಷೇಮವಾಗಿಯೇ ಇದ್ದೆ. ಐದಕ್ಕೆ ಒಂದು ದಶಮಾಂಶ ಒಂಬತ್ತು! ಮೂರೂವರೆಗಿಂತ ಕಡಿಮೆ ಬಂದ ತಾತ್ಕಾಲಿಕರನ್ನು ಮುಂದಿನ ವರ್ಷ ತೆಗೆದುಕೊಳ್ಳಬಾರದೆಂಬ ನಿಯಮ ತಮ್ಮ ಹೊಟ್ಟೆಯೊಳಗೇ ಇರುವುದರಿಂದ, ನನ್ನ ಗತಿಯೇನೆಂದು ತಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಡೆದದ್ದಿಷ್ಟು. ಸೆಮಿಸ್ಟರಿನ ಮೊದಲ ವಾರದಲ್ಲೇ, ನನ್ನ ಪಕ್ಕದ ಮೇಜಿನ ಖಾಯಂ ಉಪನ್ಯಾಸಕಿ, ನಾನು ತಂಗಿ ಎಂದೇ ಕರೆಯುವವಳು, ಹೆರಿಗೆ ರಜೆಯ ಮೇಲೆ ಹೋದಳು. ವಿಭಾಗದ ಮುಖ್ಯಸ್ಥರು ಬಾಗಿಲಲ್ಲೇ ನಿಂತು, "ಮೇಡಂ, ಅವ್ರ ಕ್ಲಾಸೂ ನೀವೇ ಸ್ವಲ್ಪ ನೋಡ್ಕೊಂಬಿಡಿ, ನಿಮ್ಮ ಲ್ಯಾಬ್ ಹೇಗೂ ಶುರುವಾಗಿಲ್ವಲ್ಲ" ಎಂದರು. ಆ ಸ್ವಲ್ಪ ಎಂದರೆ ನೂರಿಪ್ಪತ್ತು ವಿದ್ಯಾರ್ಥಿಗಳು, ವಾರಕ್ಕೆ ಐದು ತರಗತಿ. ಕಂಪ್ಯೂಟರುಗಳು ಬಂದು ಮೇಜುಗಳು ಬಾರದ ಕಾರಣ ನನ್ನ ಲ್ಯಾಬಿಗೆ ಸೆಮಿಸ್ಟರ್ ಪೂರ್ತಿ ಬೀಗ. ಆದರೆ ತಮ್ಮ ದಾಖಲೆಯಲ್ಲಿ ತಂಗಿಯ ವಿಷಯದ ಮುಂದೆ ತಂಗಿಯ ಹೆಸರೂ ಬೀಗದ ಕೋಣೆಯ ಮುಂದೆ ನನ್ನ ಹೆಸರೂ ಕಲ್ಲಿನಲ್ಲಿ ಕೊರೆದಂತೆ ಉಳಿದವು.

ವಿದ್ಯಾರ್ಥಿಗಳನ್ನು ನಾನು ಎಳ್ಳಷ್ಟೂ ದೂರುವುದಿಲ್ಲ. ಅವರಿಗೆ ಕಾಣುವುದು ವಿಷಯದ ಹೆಸರು ಮಾತ್ರ. ಬೋಧಕರ ಹೆಸರನ್ನು ತಾವು ಗುಟ್ಟಾಗಿ ಒಳಗಿಟ್ಟುಕೊಂಡಿರುತ್ತೀರಿ. ಮಕ್ಕಳು ಸತ್ಯವನ್ನೇ ಬರೆದರು. ಧ್ವನಿ ಕೊನೆಯ ಬೆಂಚಿಗೂ ಕೇಳಿಸುತ್ತದೆ, ಒಂದು ದಿನವೂ ತಡವಾಗಿ ಬಂದಿಲ್ಲ ಎಂಬ ಹೊಗಳಿಕೆಯೊಂದಿಗೆ, ಮನೆಯಲ್ಲಿ ತೊಟ್ಟಿಲು ತೂಗುತ್ತಿದ್ದ ತಂಗಿಗೆ ನಾಲ್ಕು ದಶಮಾಂಶ ಎಂಟು ಬಂದು, ವರ್ಷದ ಶ್ರೇಷ್ಠ ಬೋಧಕಿ ಪ್ರಶಸ್ತಿಯೂ ಸಿಕ್ಕಿತು. ನನಗೆ ಸಿಕ್ಕಿದ್ದು, "ಟೀಚರ್ ಮುಖಾನೇ ನೋಡಿಲ್ಲ" ಮತ್ತು "ಬೀಗ ಮಾತ್ರ ಗಟ್ಟಿಯಾಗಿದೆ". ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂದು ಕೇಳಿದ್ದೆ. ಎಮ್ಮೆ ಹಿಂಡಿದ ಹಾಲಿಗೆ ಎತ್ತಿಗೆ ಹಾರ ಹಾಕಿದ್ದನ್ನು ತಮ್ಮ ಕೃಪೆಯಿಂದ ಈಗಷ್ಟೇ ಕಂಡೆ.

ಅದಲುಬದಲಾದ ಹೆಸರು ತಿದ್ದಿಸಲು ಕಚೇರಿಗೆ ಹೋದೆ. ಗುಮಾಸ್ತರು ಪರದೆಯನ್ನು ನನ್ನತ್ತ ತಿರುಗಿಸಿ, "ಸಿಸ್ಟಮ್ ಒಪ್ತಿಲ್ಲ ಮೇಡಂ, ನಾನೇನ್ ಮಾಡ್ಲಿ?" ಎಂದರು. ಮುಖ್ಯಸ್ಥರು, "ನಂಗೆಲ್ಲ ಗೊತ್ತು ಮೇಡಂ, ಆದ್ರೆ ಬರಹದಲ್ಲಿ ಏನೂ ಇಲ್ವಲ್ಲ" ಎಂದು ನಿಟ್ಟುಸಿರಿಟ್ಟರು. ತಂಗಿ ಪಾಪ, ಪಾಠ ಮಾಡಿದ್ದು ತಾನಲ್ಲ ಎಂದು ಪ್ರಶಸ್ತಿ ಸಮಿತಿಗೆ ಎರಡು ಪತ್ರ ಬರೆದಳು. ಇಂಥ ವಿನಯವೇ ಶ್ರೇಷ್ಠ ಬೋಧಕರ ಲಕ್ಷಣ ಎಂದು ಸಮಿತಿ ಉತ್ತರಿಸಿತು.

ಆದ್ದರಿಂದ ತಮ್ಮಂಥ ಸರ್ವಜ್ಞರ ತೀರ್ಪನ್ನು ಪ್ರಶ್ನಿಸುವ ಉದ್ಧಟತನ ಮಾಡದೆ, ಕೆಲವು ಸಣ್ಣ ಬೇಡಿಕೆಗಳನ್ನಷ್ಟೇ ಮುಂದಿಡುತ್ತೇನೆ. ತಂಗಿಯ ಗೈರುಹಾಜರಿ ಇಷ್ಟು ಚೆನ್ನಾಗಿ ಪಾಠ ಮಾಡುವುದಾದರೆ, ಆ ಗೈರುಹಾಜರಿಯ ಹುದ್ದೆಗೆ ನನ್ನನ್ನು ಖಾಯಂ ಮಾಡಿಕೊಳ್ಳಬೇಕು. ಅದು ಆಗದಿದ್ದರೆ, ಸೆಮಿಸ್ಟರ್ ಪೂರ್ತಿ ಒಂದು ದಿನವೂ ರಜೆ ಹಾಕದೆ ಬಾಗಿಲಲ್ಲೇ ತೂಗಿದ ಆ ಬೀಗವನ್ನಾದರೂ ಉಪನ್ಯಾಸಕನೆಂದು ನೇಮಿಸಬೇಕು. ಒಂದು ದಶಮಾಂಶ ಒಂಬತ್ತು ಅದರ ಸ್ವಂತ ಸಂಪಾದನೆ.

ತಮಾಷೆ ಸಾಕು. ತಂಗಿಗೆ ಬಂದ ಅಭಿಪ್ರಾಯಗಳಲ್ಲಿ ಒಂದನ್ನು ಅವಳು ನನಗೆ ಫೋಟೋ ತೆಗೆದು ಕಳಿಸಿದ್ದಾಳೆ. "ಮೂರು ಸಲ ಫೇಲಾಗಿದ್ದೆ. ಇವ್ರು ಬೈದ್ರು, ಆದ್ರೆ ಬಿಡ್ಲಿಲ್ಲ. ಪಕ್ಕದಲ್ಲೇ ಕೂರಿಸ್ಕೊಂಡು ಹೇಳ್ಕೊಟ್ರು. ಈಗ ಕೊನೇ ಲೆಕ್ಕಾನೂ ನಾನೇ ಬಿಡಿಸ್ತೀನಿ." ಬರೆದ ಹುಡುಗಿ ಯಾರೆಂದು ನನಗೆ ಗೊತ್ತು. ಅದನ್ನು ಓದಿ, ಸಿಬ್ಬಂದಿ ಕೋಣೆಯ ಬೀರುವಿನ ಮರೆಯಲ್ಲಿ ನಿಂತು ಅತ್ತೆ. ಅಂಕಗಳೆಲ್ಲ ತಂಗಿಗೇ ಇರಲಿ. ಆ ನಾಲ್ಕು ಸಾಲನ್ನು ಮಾತ್ರ ನನ್ನ ಹೆಸರಿಗೆ ವರ್ಗಾಯಿಸಿಕೊಡಿ. ಏಳು ವರ್ಷ ಇಲ್ಲಿದ್ದೆನೆಂಬುದಕ್ಕೆ ನನ್ನ ಬಳಿ ಬೇರೆ ಕಾಗದವಿಲ್ಲ.

ಉತ್ತರ ಬರುವುದಿಲ್ಲವೆಂಬ ಪೂರ್ಣ ಭರವಸೆಯೊಂದಿಗೆ,

ತಮ್ಮ ವಿಶ್ವಾಸಿ,
ತಮ್ಮ ಪ್ರಕಾರ ಯಾರೂ ಮುಖ ನೋಡದ ಉಪನ್ಯಾಸಕಿ

ತಾ.ಕ.: ಇದನ್ನು ಮುಗಿಸುವಷ್ಟರಲ್ಲಿ ತಮ್ಮ ಸ್ವಯಂಚಾಲಿತ ಸಂದೇಶ ಬಂತು. ಕಡಿಮೆ ಅಂಕದವರು ಉತ್ತಮ ಬೋಧನೆಯ ಒಂದು ದಿನದ ತರಬೇತಿಗೆ ಹಾಜರಾದರೆ ಇನ್ನೊಂದು ಅವಕಾಶ ಕೊಡುವಿರಂತೆ. ತರಬೇತಿ ಕೊಡುವವರು ವರ್ಷದ ಶ್ರೇಷ್ಠ ಬೋಧಕಿ. ಸಂತೋಷ. ಅದರ ಬೆನ್ನಿಗೇ ಮುಖ್ಯಸ್ಥರೂ ಫೋನ್ ಮಾಡಿದರು: ತಂಗಿಯ ರಜೆ ಇನ್ನೂ ಮುಗಿದಿಲ್ಲವಾದ್ದರಿಂದ, ಅವಳ ಬದಲು ನಾನೇ ತರಬೇತಿ ಕೊಡಬೇಕಂತೆ. ಈಗ ವೇದಿಕೆ ಹತ್ತಿದರೆ ಶಿಬಿರಾರ್ಥಿಗಳ ಹಾಜರಿಯಲ್ಲಿ ನಾನಿಲ್ಲ, ಇನ್ನೊಂದು ಅವಕಾಶವೂ ಇಲ್ಲ. ಕೆಳಗೆ ಕೂತರೆ, ಬರುವ ಮೂವತ್ತು ಜನಕ್ಕೆ ಪಾಠವಿಲ್ಲ. ಯೋಚಿಸಿ ನೋಡಿದೆ. ನಾನು ಪಾಠವನ್ನೇ ಮಾಡುತ್ತೇನೆ, ತಾವು ಗೈರುಹಾಜರಿ ಬರೆದುಕೊಳ್ಳಿ.