ಒಂದೇ ಟ್ಯಾಂಕಿನಲ್ಲಿ ಅಟ್ಲಾಂಟಾ

ಅಮೆರಿಕದಲ್ಲಿ ಸಸ್ಯಾಹಾರಿಗಾದರೂ ಈಗ ಒಂದಿಷ್ಟು ಮರ್ಯಾದೆಯಿದೆ, ಡೀಸೆಲ್ ಕಾರು ಇಟ್ಟುಕೊಂಡವನಿಗೆ ಅದೂ ಇಲ್ಲ. ಸಸ್ಯಾಹಾರಿ ಎಂದರೆ ಹೋಟೆಲಿನವರು ಪಾಪ ಎಂದು ಒಂದು ತಟ್ಟೆ ಸೊಪ್ಪನ್ನಾದರೂ ತಂದಿಡುತ್ತಾರೆ. ಡೀಸೆಲ್ ಎಂದರೆ ‘ಲಾರಿ ಇಟ್ಟಿದ್ದೀರಾ?’ ಎನ್ನುತ್ತಾರೆ. ಲಾರಿಯಲ್ಲ ಸ್ವಾಮಿ, ಕ್ರಾಸ್‌ಓವರ್ ಎಸ್‌ಯುವಿ, ಹೆಂಡತಿ ಮಗಳು ಅತ್ತೆ ಎಲ್ಲರೂ ಕೂರುವ ಮಾನವಂತರ ಗಾಡಿ ಎಂದು ನಾನು ವಿವರಿಸುವಷ್ಟರಲ್ಲಿ ಅವರ ಮುಖದಲ್ಲಿ ಕನಿಕರ ಮೂಡಿರುತ್ತದೆ.

ನಾನು, ತ್ಯಾಗರಾಜ, ಹುಟ್ಟಿದ್ದು ಮೈಸೂರಿನಲ್ಲಿ. ಈಗ ಇರುವುದು ವರ್ಜೀನಿಯಾದ ಹರ್ನ್‌ಡನ್‌ನಲ್ಲಿ. ‘ಪೆಟ್ರೋಲು ಶೋಕಿಗೆ, ಡೀಸೆಲ್ಲು ಸಂಸಾರಕ್ಕೆ’ ಎಂಬುದು ನಮ್ಮ ತಂದೆಯವರ ಮಾತು. ಸಮುದ್ರ ದಾಟಿ ಬಂದ ಮೇಲೂ ನಾನು ಅದನ್ನು ಬಿಟ್ಟಿರಲಿಲ್ಲ (ಜನಿವಾರವನ್ನಾದರೂ ಒಮ್ಮೊಮ್ಮೆ ಸ್ನಾನದ ಮನೆಯಲ್ಲಿ ಮರೆತು ಬಂದದ್ದುಂಟು). ಇಲ್ಲಿ ಡೀಸೆಲ್ ಪೆಟ್ರೋಲಿಗಿಂತ ದುಬಾರಿ ಎಂಬ ಕ್ಷುಲ್ಲಕ ವಿಷಯವನ್ನು ನನ್ನ ಹೆಂಡತಿ ಕಾತ್ಯಾಯಿನಿ ಆಗಾಗ ಎತ್ತುತ್ತಾಳೆ. ಮಹತ್ತಾದ ತತ್ವಗಳ ಮುಂದೆ ಇಂಥ ಚಿಲ್ಲರೆ ಮಾತುಗಳಿಗೆ ನಾನು ಕಿವಿಗೊಡುವುದಿಲ್ಲ.

ಈ ದೇಶದಲ್ಲಿ ಕಾರು ಕಂಪನಿಗಳೆಲ್ಲ ಒಂದೊಂದಾಗಿ ಡೀಸೆಲ್ ಕ್ರಾಸ್‌ಓವರ್ ಮಾರುವುದನ್ನು ಬಿಟ್ಟು ಪೆಟ್ರೋಲು ಬ್ಯಾಟರಿ ಎರಡರಲ್ಲೂ ಓಡುವ ಹೈಬ್ರಿಡ್ ಕಡೆಗೆ ಓಡುತ್ತಿದ್ದ ಕಾಲದಲ್ಲಿ ನಾನು ಮೇರಿಲ್ಯಾಂಡಿನ ಕೊಲಂಬಿಯಾಕ್ಕೆ ಹೋಗಿ ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿಯೊಂದನ್ನು ಹುಡುಕಿ ತಂದೆ. ಮಾರಿದವನು ನನ್ನ ಕೈಯನ್ನು ಬಹಳ ಹೊತ್ತು ಹಿಡಿದು ಕುಲುಕಿದ. ಅದು ಅಭಿಮಾನ ಎಂದುಕೊಂಡಿದ್ದೆ. ಬಿಡುಗಡೆಯ ಆನಂದ ಎಂದು ಆಮೇಲೆ ತಿಳಿಯಿತು. ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ವಾಹನ ಪೂಜೆ ಮಾಡಿಸುವಾಗ ಅರ್ಚಕರು ಅರ್ಧಕ್ಕೆ ನಿಲ್ಲಿಸಿ, “ಎಂಜಿನ್ ಆಫ್ ಮಾಡಿ ಸಾರ್, ನನ್ನ ಮಂತ್ರ ನನಗೇ ಕೇಳಿಸ್ತಿಲ್ಲ” ಎಂದರು. ಹೈಸ್ಕೂಲಿಗೆ ಹೋಗುವ ಮಗಳು ಮಾನ್ಯಾ ಮಾರನೆಯ ದಿನದಿಂದಲೇ ಸ್ಕೂಲಿಗೆ ಎರಡು ಬೀದಿ ಮೊದಲೇ ಇಳಿಯತೊಡಗಿದಳು.

“ಅಪ್ಪಾ, ಇಟ್ಸ್ ಸೋ ಲೌಡ್. ಎವ್ರಿಬಡಿ ನೋಡ್ತಾರೆ.”

“ನೋಡ್ಲಿ ಬಿಡು. ಅದು ಸದ್ದಲ್ಲ, ಟಾರ್ಕು. ಎಳೆಯೋ ತಾಕತ್ತು.”

ಹೀಗಿರುವಾಗ ಅಟ್ಲಾಂಟಾದಲ್ಲಿರುವ ನನ್ನ ಬಾಮೈದ ರೋಹಿತ ಹೊಸ ಮನೆ ಕೊಂಡು ಗೃಹಪ್ರವೇಶಕ್ಕೆ ಕರೆದ. ಊರಿನಿಂದ ಬಂದು ನಮ್ಮಲ್ಲಿದ್ದ ಅತ್ತೆ ರೇಣುಕಾದೇವಿಯವರನ್ನು ಮುಂದಿನ ಎರಡು ತಿಂಗಳಿಗೆ ಅವನ ಮನೆಗೆ ಬಿಟ್ಟು ಬರುವುದೂ ಇತ್ತು. ವಿಮಾನದಲ್ಲಿ ಹೋಗೋಣ ಎಂದಳು ಕಾತ್ಯಾಯಿನಿ. ನಾನು ಎದ್ದು ನಿಂತೆ.

“ಗಾಡೀಲಿ ಹೋಗೋಣ. ಆರ್ನೂರು ಮೈಲಿ ಚಿಲ್ಲರೆ. ಒಂದೇ ಟ್ಯಾಂಕಲ್ಲಿ ಮುಟ್ಟಿಸ್ತೀನಿ.”

“ಮುಟ್ಟಿಸ್ದೇ ಇದ್ರೆ?”

“ಇದ್ರೆ, ವಾಪಸ್ ಬಂದ ದಿನವೇ ಮಾರಿಬಿಡ್ತೀನಿ. ನೀನು ಹೇಳಿದ ಹೈಬ್ರಿಡ್ ತೊಗೊಳ್ಳೋಣ.”

“ಮುಟ್ಟಿಸಿದ್ರೆ?”

“ನನ್ನ ಡೀಸೆಲ್ ಬಗ್ಗೆ ಈ ಮನೇಲಿ ಇನ್ನು ಯಾರೂ ಉಸಿರೆತ್ತಬಾರ್ದು.”

ಕಾತ್ಯಾಯಿನಿ ಸ್ವಲ್ಪ ಯೋಚಿಸಿ, “ಸರಿ. ಆದ್ರೆ ಹೊರಟ ಮೇಲೆ ಗಾಡಿಗೆ ಏನೂ ಹಾಕೋ ಹಾಗಿಲ್ಲ. ಡೀಸೆಲ್ ಅಲ್ಲ ಅಂತ ಇನ್ನೊಂದು ಮತ್ತೊಂದು ಹಾಕಿ ಆಮೇಲೆ ವಾದ ಮಾಡಬಾರ್ದು. ಒಂದು ತೊಟ್ಟು ಬಿದ್ರೂ ಸೋತ್ರಿ” ಎಂದಳು. ಸಾಕ್ಷಿಗೆ ಅತ್ತೆಯವರೂ ಮಗಳೂ ಇದ್ದರು. ನಾನು ಎದೆಯುಬ್ಬಿಸಿ ಒಪ್ಪಿದೆ.

ಗುರುವಾರ ಬೆಳಿಗ್ಗೆ ಟ್ಯಾಂಕು ಕಂಠಪೂರ್ತಿ ತುಂಬಿಸಿ ಹೊರಟೆವು. ಡಿಕ್ಕಿಯಲ್ಲಿ ಹುಳಿಯನ್ನ, ಚಕ್ಕುಲಿ, ಗೃಹಪ್ರವೇಶದ ಉಡುಗೊರೆಯ ಬೆಳ್ಳಿ ದೀಪ, ಮತ್ತು ಅತ್ತೆಯವರ ನೀರು. ಅವರು ಅಮೆರಿಕದ ನಲ್ಲಿಯನ್ನೂ ನಂಬುವುದಿಲ್ಲ, ಬಾಟಲಿಯನ್ನೂ ನಂಬುವುದಿಲ್ಲ. ತಾವೇ ಕುದಿಸಿ ಆರಿಸಿದ ನೀರನ್ನು ಹಾಲಿನ ಖಾಲಿ ಗ್ಯಾಲನ್ ಕ್ಯಾನುಗಳಲ್ಲಿ ತುಂಬಿಸಿಕೊಂಡೇ ಪ್ರಯಾಣ ಹೊರಡುವುದು. ಎರಡು ಕ್ಯಾನು ತಂದಿದ್ದರು.

ನನ್ನ ಲೆಕ್ಕದಲ್ಲಿ ಒಂದೇ ಒಂದು ತಪ್ಪಿತ್ತು. ಗಾಡಿಗೆ ನಿಲ್ಲದೆ ಓಡುವ ಶಕ್ತಿಯಿತ್ತು, ಒಳಗೆ ಕೂತವರಿಗೆ ಇರಲಿಲ್ಲ. ಕುದಿಸಿದ ನೀರನ್ನು ಅತ್ತೆಯವರು ಕುಡಿದರು, ಕುಡಿದ ನೀರು ತನ್ನ ಧರ್ಮವನ್ನು ಪಾಲಿಸಿತು. ಫ್ರೆಡೆರಿಕ್ಸ್‌ಬರ್ಗಿನಲ್ಲಿ ನಿಂತೆವು, ರಿಚ್‌ಮಂಡಿನಲ್ಲಿ ನಿಂತೆವು, ಅದು ದಾಟಿದ ಮೇಲೆ ಹೆಸರೇ ಇಲ್ಲದ ಊರಿನಲ್ಲೂ ನಿಂತೆವು. ಪ್ರತಿ ಸಲವೂ ಗ್ಯಾಸ್ ಸ್ಟೇಷನ್ನೇ. ಪೆಟ್ರೋಲ್ ಗಾಡಿಯವರೆಲ್ಲ ನಮಗಿಂತ ಕಡಿಮೆ ಸಲ ನಿಂತು ನಮ್ಮನ್ನು ದಾಟಿ ಹೋದರು.

“ಒಂದೇ ಟ್ಯಾಂಕು, ಹತ್ತು ಸ್ಟಾಪು” ಎಂದಳು ಕಾತ್ಯಾಯಿನಿ.

“ಅದು ಎಂಜಿನ್ನಿನ ದೋಷ ಅಲ್ಲ, ನಿಮ್ಮಮ್ಮಂದು.”

“ನನ್ನ ಹೆಸರು ಯಾಕೆ ಬಂತು?” ಎಂದರು ಹಿಂದಿನ ಸೀಟಿನಿಂದ ಅತ್ತೆಯವರು. ನಾನು ಟಾರ್ಕಿನ ವಿಷಯಕ್ಕೆ ಮಾತು ತಿರುಗಿಸಿದೆ.

ನಾರ್ತ್ ಕ್ಯಾರೊಲೈನಾ ಹೊಕ್ಕ ಸ್ವಲ್ಪ ಹೊತ್ತಿಗೆ ಸ್ಟೀರಿಂಗಿನ ಹಿಂದಿನ ಪರದೆಯಲ್ಲಿ ‘ಟಣ್’ ಎಂದು ಒಂದು ಸಂದೇಶ ಬಂತು. ವಾರದಿಂದ ಅಲ್ಲೊಂದು ಹಳದಿ ದೀಪ ಉರಿಯುತ್ತಿದ್ದುದು ನಿಜ. ಅದನ್ನು ನಾನು ಅಲಂಕಾರ ಎಂದುಕೊಂಡಿದ್ದೆ. ಈಗ ಸ್ಪಷ್ಟವಾಗಿ ಬರೆದಿತ್ತು: ಡೆಫ್ ಮುಗಿಯುತ್ತಿದೆ, ಇನ್ನು ನೂರೈವತ್ತು ಮೈಲಿಯ ನಂತರ ಎಂಜಿನ್ ಆರಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ.

ಡೆಫ್, ಅಂದರೆ ಡೀಸೆಲ್ ಎಕ್ಸಾಸ್ಟ್ ಫ್ಲೂಯಿಡ್, ಯೂರಿಯಾ ಕರಗಿಸಿದ ನೀರು. ಡೀಸೆಲ್ ಹೊಗೆಯ ಪಾಪವನ್ನು ತೊಳೆಯಲಿಕ್ಕೆ ಗಾಡಿಯಲ್ಲಿ ಅದಕ್ಕೊಂದು ಬೇರೆ ಪುಟ್ಟ ಟ್ಯಾಂಕು, ನೀಲಿ ಮುಚ್ಚಳ. ಕೊಲಂಬಿಯಾದ ಆ ಪುಣ್ಯಾತ್ಮ ಅದರ ಬಗ್ಗೆ ಏನೋ ಹೇಳಿದ್ದ, ನಾನು ಎಂಜಿನ್ನಿನ ಸಂಗೀತದಲ್ಲಿ ಮುಳುಗಿದ್ದೆ. ಯಾವ ಟ್ರಕ್ ಸ್ಟಾಪಿನಲ್ಲೂ ಡೆಫ್ ಸಿಗುತ್ತದೆ, ಹಾಕಿದರೆ ಮುಗಿಯಿತು. ಆದರೆ ‘ಒಂದು ತೊಟ್ಟು ಬಿದ್ರೂ ಸೋತ್ರಿ’ ಎಂದು ಷರತ್ತು ವಿಧಿಸಿದವಳು ಪಕ್ಕದ ಸೀಟಿನಲ್ಲೇ ಚಕ್ಕುಲಿ ಮುರಿಯುತ್ತಿದ್ದಳು. ಹಾಕಿದರೆ ಗಾಡಿ ಹೋಯಿತು, ಹಾಕದಿದ್ದರೂ ಗಾಡಿ ಹೋಯಿತು. ನನಗೆ ಎಸಿಯಲ್ಲೂ ಬೆವರಿತು.

“ಏನದು ಟಣ್ ಅಂದಿದ್ದು?”

“ಎಂಜಿನ್ ಖುಷಿಯಾಗಿದೆ ಅಂತ ತಿಳಿಸ್ತು.”

ಡರ್ಹಮ್ ಹತ್ತಿರ ಜೀವನದಲ್ಲಿ ಮೊದಲ ಸಲ ನಾನೇ ಕೇಳಿದೆ, “ಅತ್ತೇ, ಬಾತ್‌ರೂಮಿಗೆ ಹೋಗ್ಬೇಕಾ?” ಅವರಿಗೆ ಕಣ್ಣು ತುಂಬಿ ಬಂತು. “ಎಷ್ಟು ಒಳ್ಳೇವ್ರು ನಮ್ಮ ಅಳಿಯಂದ್ರು” ಎನ್ನುತ್ತ ಮಗಳು ಮೊಮ್ಮಗಳನ್ನು ಕರೆದುಕೊಂಡು ಟ್ರಕ್ ಸ್ಟಾಪಿನ ಒಳಗೆ ಹೋದರು. ನಾನು ಹಿಂದೆಯೇ ನುಗ್ಗಿ ಒಂದು ಡಬ್ಬಿ ಡೆಫ್ ಕೊಂಡು ಓಡಿಬಂದೆ. ಸುರಿಯಬೇಕು ಎನ್ನುವಷ್ಟರಲ್ಲಿ ಗಾಜಿನ ಬಾಗಿಲ ಆಚೆ ಕಾತ್ಯಾಯಿನಿಯ ಕೆಂಪು ದುಪಟ್ಟಾ ಕಂಡಿತು. ಡಬ್ಬಿಯ ಮೇಲೆ ‘ಡೀಸೆಲ್’ ಎಂದು ಆನೆಗಾತ್ರದ ಅಕ್ಷರ. ಬುದ್ಧಿವಂತನ ತಲೆ ಇಂಥ ಹೊತ್ತಿನಲ್ಲೇ ಓಡುವುದು. ಡಿಕ್ಕಿಯಲ್ಲಿ ಅತ್ತೆಯವರು ಕುಡಿದು ಮುಗಿಸಿದ ಖಾಲಿ ಗ್ಯಾಲನ್ ಕ್ಯಾನಿತ್ತು. ಅದಕ್ಕೆ ಹಿಡಿಸಿದಷ್ಟು ಸುರಿದು, ಮುಚ್ಚಳ ತಿರುಗಿಸಿ, ಡಬ್ಬಿಯನ್ನು ಕಸದ ತೊಟ್ಟಿಗೆ ಎಸೆದು, ಆಕಾಶ ನೋಡುತ್ತ ನಿಂತೆ.

ಷಾರ್ಲೆಟ್ ದಾಟುವ ಮೊದಲು ಊಟಕ್ಕೆ ಒಂದು ಪಾರ್ಕಿನಲ್ಲಿ ನಿಲ್ಲಿಸಿದೆವು. ಹೆಂಗಸರು ಮರದ ಕೆಳಗೆ ಎಲೆ ಹಾಕುತ್ತಿದ್ದರು (ಎಲೆ ಎಂದರೆ ಪೇಪರ್ ಪ್ಲೇಟು). ನಾನು ಗಾಡಿಯ ಮರೆಗೆ ಸರಿದು, ಡಿಕ್ಕಿಗೆ ಕೈಹಾಕಿ ಮುಂದಿದ್ದ ಕ್ಯಾನು ತೆಗೆದು, ಒಂದು ಪ್ಲೇಟನ್ನು ಮಡಚಿ ಕೊಳವೆ ಮಾಡಿ, ನೀಲಿ ಮುಚ್ಚಳ ತೆಗೆದು ಪೂರ್ತಿ ಸುರಿದೆ. ಘಮಘಮಿಸುವ ಹುಳಿಯನ್ನದ ಇಂಗಿನ ಮಧ್ಯೆ ಬೇರೆ ಯಾವ ವಾಸನೆಯೂ ಮೂಗಿಗೆ ಬರಲಿಲ್ಲ. ಎಚ್ಚರಿಕೆ ಹೋಗಿ ಪರದೆ ತಣ್ಣಗಾಯಿತು. ಊಟಕ್ಕೆ ಕೂತು ಎರಡು ಸಲ ಬಡಿಸಿಕೊಂಡೆ. ಹೆಂಡತಿಗೆ ಮೋಸ ಮಾಡಿದೆನೆಂಬ ಅಳುಕೇನೂ ಇರಲಿಲ್ಲ, ಸುಳ್ಳು ಏಕೆ ಹೇಳಲಿ, ಬಹಳ ಸಂತೋಷವಾಗಿತ್ತು.

ಸೌತ್ ಕ್ಯಾರೊಲೈನಾ ಹೊಕ್ಕೆವು. ಮುಳ್ಳು ಇನ್ನೂ ಅರ್ಧ ಟ್ಯಾಂಕಿನ ಹತ್ತಿರವಿತ್ತು. ನಾನು ವಿಜಯದ ಭಾಷಣವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಆಗ ಮತ್ತೆ ‘ಟಣ್’. ಈ ಸಲ ಕೆಂಪು ದೀಪ: ಡೆಫ್ ಗುಣಮಟ್ಟ ಸರಿಯಿಲ್ಲ, ಎಂಜಿನ್ ಆರಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ.

“ಅಳಿಯಂದ್ರೇ, ಸ್ವಲ್ಪ ನಿಲ್ಲಿಸ್ತೀರಾ?” ಎಂದರು ಅತ್ತೆಯವರು.

ಗಾಫ್ನಿ ಊರಿನ ಪೀಚ್ ಹಣ್ಣಿನ ಆಕಾರದ ನೀರಿನ ಟ್ಯಾಂಕು ಕಾಣುವಂತೆ ಒಂದು ಕಡೆ ನಿಲ್ಲಿಸಿದೆ. ಎಂಜಿನ್ ಮಾತ್ರ ಆರಿಸಲಿಲ್ಲ.

“ಆಫ್ ಮಾಡ್ರಿ” ಎಂದಳು ಕಾತ್ಯಾಯಿನಿ.

“ಬೇಡ. ಡೀಸೆಲ್ ಎಂಜಿನ್ನು ಓಡ್ತಾ ಇದ್ರೇನೇ ಆರೋಗ್ಯ.”

“ಬೆಳಿಗ್ಗೆಯಿಂದ ಎಲ್ಲಾ ಕಡೆ ಆಫ್ ಮಾಡಿದ್ರಲ್ಲ? ಪಕ್ಕದ ಗಾಡೀಲಿ ಮಗು ಮಲಗಿದೆ ನೋಡ್ರಿ, ಇದರ ಸದ್ದಿಗೆ ಎದ್ಬಿಡತ್ತೆ.”

“ಕಾತ್ಯಾಯಿನೀ, ಮುಟ್ಬೇಡ...”

ಮುಟ್ಟಿದಳು. ಗುಂಡಿ ಒತ್ತಿದಳು. ಗಾಡಿ ಒಂದು ಸಲ ನಡುಗಿ ಸುಮ್ಮನಾಯಿತು. ಪಕ್ಕದ ಗಾಡಿಯ ಮಗು ಸುಖವಾಗಿ ನಿದ್ದೆ ಮುಂದುವರಿಸಿತು. ನಾನು ಗುಂಡಿಯನ್ನು ಒತ್ತಿದೆ, ಮತ್ತೆ ಒತ್ತಿದೆ, ಆಂಜನೇಯನನ್ನು ನೆನೆದು ಒತ್ತಿದೆ. ಪರದೆ ಕೆಂಪಗೆ ನಕ್ಕಿತೇ ಹೊರತು ಬೇರೇನೂ ಆಗಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಅತ್ತೆಯವರ ಕೂಗು. ಲೋಟಕ್ಕೆ ನೀರು ಬಗ್ಗಿಸಿಕೊಂಡವರು ಬಾಯಿಗಿಡುವ ಮೊದಲು ಮೂಗಿಗೆ ಹಿಡಿದಿದ್ದರು.

“ಏನಿದು? ಯೂರಿಯಾ ವಾಸನೆ!”

“ನೀರಲ್ಲಿ ಯೂರಿಯಾ ಎಲ್ಲಿಂದ ಬರತ್ತೆ ಅಮ್ಮಾ?” ಎಂದಳು ಕಾತ್ಯಾಯಿನಿ.

“ನಂಗೊತ್ತಿಲ್ವೇನೇ? ನಿಮ್ಮಪ್ಪ ಮೂವತ್ತು ವರ್ಷ ಮಂಡ್ಯದಲ್ಲಿ ಗೊಬ್ಬರದಂಗಡಿ ಇಟ್ಟಿದ್ರು. ಊಟಕ್ಕೆ ಮುಂಚೆ ನನ್ನ ತುಂಬಿದ ಕ್ಯಾನನ್ನ ಮುಂದಕ್ಕೆ ಎಳೆದಿಟ್ಟಿದ್ದೆ. ಅದು ಖಾಲಿಯಾಗಿದೆ, ಖಾಲಿ ಕ್ಯಾನು ತುಂಬಿದೆ!”

ಕಾತ್ಯಾಯಿನಿ ಲೋಟ ಮೂಸಿದಳು. ಆಮೇಲೆ ನನ್ನನ್ನು ನೋಡಿದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಆ ನೋಟಕ್ಕೆ ಎದುರು ಸುಳ್ಳು ಹೇಳಿ ಬದುಕಿದ ಇತಿಹಾಸ ನನಗಿಲ್ಲ. ಎಲ್ಲವನ್ನೂ ಹೇಳಿದೆ.

“ಅಂದ್ರೆ ನಮ್ಮಮ್ಮ ಕುದಿಸಿ ಆರಿಸಿದ ನೀರನ್ನ ಗಾಡಿಗೆ ಕುಡಿಸಿ, ಗಾಡಿ ಗೊಬ್ಬರನ ನಮ್ಮಮ್ಮಂಗೆ ಕುಡಿಸೋಕೆ ಹೊರಟಿದ್ರಿ.”

“ಬೇಕು ಅಂತ ಮಾಡಿದ್ದಲ್ಲ ಕಣೇ.”

“ಬೇಕು ಅಂತ ಮಾಡಿದ್ರೆ ಇಷ್ಟು ಚೆನ್ನಾಗಿ ಮಾಡೋಕೆ ನಿಮ್ಮ ಕೈಲಿ ಆಗ್ತಿರ್ಲಿಲ್ಲ ಬಿಡಿ.”

ಮಾನ್ಯಾ ಬಿದ್ದು ಬಿದ್ದು ನಕ್ಕಳು. “ಅಪ್ಪಾ, ದಿಸ್ ಈಸ್ ಎಪಿಕ್” ಎಂದಳು. ಅತ್ತೆಯವರು ನಗಲಿಲ್ಲ. ಬಾತ್‌ರೂಮಿಗೆ ಹೋಗಬೇಕಾ ಎಂದು ನಾನಾಗಿಯೇ ಕೇಳಿದ್ದೇಕೆಂದು ಅವರಿಗೆ ಆಗ ಅರ್ಥವಾಗಿತ್ತು.

ಉಳಿದ ಡೆಫ್ ಅನ್ನು ಈಗ ಹಾಕಿದರೂ ಪ್ರಯೋಜನವಿರಲಿಲ್ಲ. ನೀರು ಬೆರೆತ ಟ್ಯಾಂಕನ್ನು ಬಿಚ್ಚಿ ತೊಳೆಯಬೇಕು, ಬಹುಶಃ ಬದಲಿಸಬೇಕು ಎಂದು ಮೆಕ್ಯಾನಿಕ್ ಒಬ್ಬ ಫೋನಿನಲ್ಲಿ ಹೇಳಿದ. ರೋಹಿತ ತನ್ನ ಹೈಬ್ರಿಡ್ ತಂದು ಹೆಂಗಸರನ್ನು ಕೂರಿಸಿಕೊಂಡು ಹೋದ. ನಾನು, ಬೆನ್ನ ಮೇಲೆ ನನ್ನ ಗಾಡಿಯನ್ನು ಹೊತ್ತ ಟೋ ಟ್ರಕ್ಕಿನಲ್ಲಿ, ಚಾಲಕನ ಪಕ್ಕದಲ್ಲಿ ಕೂತೆ. ಟ್ರಕ್ಕು ಡೀಸೆಲ್ಲಿನದು. ಅಷ್ಟು ದುಃಖದಲ್ಲೂ ಆ ಸದ್ದು ಕೇಳಿ ನನಗೆ ಹಿತವಾಯಿತು. ಆ ಹಿತದಲ್ಲೇ ಒಂದು ಹೊಸ ಹೊಳಹು ಹುಟ್ಟಿತು.

ರೋಹಿತನ ಮನೆ ಮುಂದೆ ಟ್ರಕ್ಕು ನಿಂತಾಗ ಗೃಹಪ್ರವೇಶಕ್ಕೆ ಬಂದ ನೆಂಟರೆಲ್ಲ ಬಾಗಿಲಲ್ಲಿದ್ದರು. ನಾನು ಕೆಳಗಿಳಿದು ನೇರವಾಗಿ ಕಾತ್ಯಾಯಿನಿಯ ಎದುರು ನಿಂತೆ.

“ಷರತ್ತು ಏನಿತ್ತು? ಒಂದೇ ಟ್ಯಾಂಕಲ್ಲಿ ಗಾಡಿ ಅಟ್ಲಾಂಟಾ ಮುಟ್ಬೇಕು. ಮುಟ್ಟಿದೆ! ಡೀಸೆಲ್ ಇನ್ನೂ ಮಿಕ್ಕಿದೆ!”

“ಏನೂ ಹಾಕಬಾರ್ದು ಅಂತಲೂ ಇತ್ತು.”

“ನಾನು ಏನು ಹಾಕಿದೆ? ನಿಮ್ಮಮ್ಮನ ಕುಡಿಯೋ ನೀರು. ಅದನ್ನ ಯಾವ ಕೋರ್ಟು ಇಂಧನ ಅನ್ನತ್ತೆ?”

ನೆಂಟರಲ್ಲಿ ಇಬ್ಬರು ಚಪ್ಪಾಳೆ ತಟ್ಟಿದರು. ಕಾತ್ಯಾಯಿನಿ ನನ್ನನ್ನೂ ಟ್ರಕ್ಕಿನ ಮೇಲಿದ್ದ ಗಾಡಿಯನ್ನೂ ಬಹಳ ಹೊತ್ತು ನೋಡಿ, ಆಶ್ಚರ್ಯವೆಂಬಂತೆ ನಕ್ಕುಬಿಟ್ಟಳು. “ಆಯ್ತು, ಒಪ್ಕೊಂಡೆ. ಗೆದ್ರಿ. ಗಾಡಿ ನಿಮ್ದೇ, ನಾನು ಇನ್ನು ಉಸಿರೆತ್ತಲ್ಲ.”

ಆ ರಾತ್ರಿಯ ಪಾಯಸದಷ್ಟು ಸಿಹಿಯಾದ ಪಾಯಸವನ್ನು ನಾನು ತಿಂದಿಲ್ಲ.

ಮಾರನೆಯ ದಿನ, ಟ್ರಕ್ಕು ಗಾಡಿಯನ್ನು ಬಿಟ್ಟು ಬಂದ ವರ್ಕ್‌ಶಾಪಿನವರು ಫೋನು ಮಾಡಿದರು. ಇಂಥ ಗಾಡಿ ಈ ಕಡೆ ಅಪರೂಪ, ಬಿಡಿಭಾಗ ಎಲ್ಲಿಂದಲೋ ತರಿಸಬೇಕು, ಮೂರು ವಾರವೋ ಐದೋ ಹೇಳಲಾಗದು. ನಾನು ಸುದ್ದಿ ಹೇಳಿದಾಗ ಕಾತ್ಯಾಯಿನಿ ಮಾತಿಗೆ ತಪ್ಪಲಿಲ್ಲ, ಉಸಿರೆತ್ತಲಿಲ್ಲ. ಒಂದು ಹೈಬ್ರಿಡ್ ಬಾಡಿಗೆಗೆ ತೆಗೆದುಕೊಂಡಳು. ಅವಳಿಗೆ ಸೋಮವಾರ ಆಫೀಸು, ಮಾನ್ಯಾಗೆ ಸ್ಕೂಲು. ನನ್ನ ಕೆಲಸ ಎಲ್ಲಿ ಕೂತಾದರೂ ಆಗುವಂಥದ್ದು.

“ನೀವು ಗಾಡಿ ಜೊತೆ ಬನ್ನಿ. ನಿಮ್ಮದಲ್ವಾ? ಅಲ್ಲಿ ತನಕ ಅಮ್ಮನ ಜೊತೆ ಇಲ್ಲೇ ಬೇಸ್‌ಮೆಂಟಲ್ಲಿರಿ. ಅವರಿಗೂ ಮಾತಾಡೋಕೆ ಬಹಳ ಇದೆಯಂತೆ.”

ಭಾನುವಾರ ಬೆಳಿಗ್ಗೆ ಅವರು ಹೊರಡುವ ಹೊತ್ತಿಗೆ ಡ್ರೈವ್‌ವೇಯಲ್ಲಿ ರೋಹಿತ ಸಿಕ್ಕಿದ. ನನಗೂ ಮನಸ್ಸು ಹಗುರ ಮಾಡಿಕೊಳ್ಳಬೇಕಿತ್ತು. ರಸ್ತೆಗೆ ಬೆನ್ನು ಹಾಕಿ ನಿಂತು ಅವನಿಗೆ ಡೀಸೆಲ್ಲಿನ ಭವಿಷ್ಯವನ್ನು ಬಿಡಿಸಿ ಹೇಳಿದೆ. ಅಮೆರಿಕದವರು ಇವತ್ತು ಹೈಬ್ರಿಡ್ ಎನ್ನುತ್ತಾರೆ, ನಾಳೆ ಬುದ್ಧಿ ಬರುತ್ತದೆ. ದೂರದ ಪ್ರಯಾಣಕ್ಕೆ, ತುಂಬಿದ ಸಂಸಾರಕ್ಕೆ ಬೇಕಾದದ್ದು ಟಾರ್ಕು. ಎಂಥ ಹಟಮಾರಿಯಾದರೂ ಒಂದಲ್ಲ ಒಂದು ದಿನ ಅದನ್ನು ಒಪ್ಪಲೇಬೇಕು.

“ಬೇಕಾದ್ರೆ ನಿಮ್ಮಕ್ಕನ್ನೇ ಕೇಳು, ಗೆದ್ದಿದ್ದು ಯಾರು ಅಂತ” ಎಂದು ಹಿಂದಕ್ಕೆ ತಿರುಗಿದೆ.

ರಸ್ತೆ ಖಾಲಿಯಿತ್ತು.

“ಅಕ್ಕ ಆಗ್ಲೇ ಹೋದ್ಲಲ್ಲ ಭಾವ” ಎಂದ ರೋಹಿತ. “ಇಬ್ರೂ ಕೈ ಬೀಸಿದ್ರು, ನೀವು ನೋಡ್ಲಿಲ್ಲ. ಗಾಡಿ ಸದ್ದೇ ಮಾಡಲ್ಲ ನೋಡಿ.”