ಚಿಗವ್ವನ ಬಿತ್ತುವ ಕೈ ಸರ್ವಿಸ್

ನಮ್ಮ ಚಿಗವ್ವನ ಸರ್ವಿಸಿಗೆ ಎದುರು ನಿಲ್ಲುವ ಗಂಡಸು ಸಿಂದಗಿಯಲ್ಲಿ ನಾನೊಬ್ಬನೇ. ಉಳಿದವರಿಗೆ ಜೀವದ ಮೇಲೆ ಆಸೆ ಇದೆ!

ಏಳನೆಯ ಇಯತ್ತೆಗೇ ಸಾಲಿ ಬಿಟ್ಟು ವೆಲ್ಡಿಂಗ್ ಹಿಡಿದವನು ನಾನು. ಈ ಊರಲ್ಲಿ ಎಷ್ಟು ಗೇಟುಗಳು ನನ್ನ ಕೈಯವು ಎಂದು ಕೇಳಬೇಡಿ, ಹೇಳಿದರೆ ಸೊಕ್ಕು ಎನ್ನುತ್ತೀರಿ. ಏಣಿಯಿಂದ ಬಿದ್ದು ಆ ಬಲಗೈಯೇ ಮುರಿಯಿತು. ಕಟ್ಟು ಬಿಚ್ಚಿದ ಮೇಲೂ ಮಣಿಕಟ್ಟು ತಿರುಗಲೊಲ್ಲದು. "ದಿನಾ ವ್ಯಾಯಾಮ ಮಾಡ್ರಿ, ಇಲ್ಲಂದ್ರ ಕೈ ಹೀಂಗ ಉಳಿತೈತಿ" ಎಂದರು ಡಾಕ್ಟರು. ಹೂಂ ಅಂದೆ, ಮಾಡಲಿಲ್ಲ. ರಬ್ಬರ್ ಚೆಂಡು ಹಿಸುಕುತ್ತ ಕೂಡಲು ನಾನೇನು ಕೂಸೇ?

ಆಗ ಬಂದಳು ಚಿಗವ್ವ, ನಮ್ಮ ಅವ್ವನ ತಂಗಿ. ಅರವತ್ತು ದಾಟಿದ ಕೈಯಲ್ಲಿ ಎರಡು ಬ್ಯಾಟು!

"ತಮ್ಮಾ, ಟೇಬಲ್ ಟೆನ್ನಿಸಿನ ಸರ್ವಿಸ್ ಕಲಿಸು. ಮುದ್ದೇಬಿಹಾಳದಾಗ ಮುದುಕ್ಯಾರ ಪಂದ್ಯಾ ಐತಂತ."

ಕ್ಲಬ್ಬಿನ ಮೇಜಿಗೆ ಕಾಲು ಬೆಸೆಯಲು ಹೋಗಿ ಅಲ್ಲೇ ಆಟ ಕಲಿತವನು ನಾನು. ನನ್ನ ವೆಲ್ಡಿಂಗ್ ಅಂಗಡಿಯ ಹಲಗೆ ಮೇಜಾಯಿತು, ನಡುವಿನ ಕಬ್ಬಿಣದ ಪಟ್ಟಿ ನೆಟ್ಟಾಯಿತು.

"ಅಂಗೈ ತೆರದಿಡು, ಚೆಂಡು ಅದರ ಮ್ಯಾಲ ಕುಂದ್ರಲಿ. ಒಂದು ಗೇಣು ಹಾರಿಸಿ, ಇಳಿಯುವಾಗ ಹೊಡಿ. ಮೊದಲ ನಿನ್ನ ಕಡೆ ಪುಟೀಬೇಕು, ಆಮ್ಯಾಲ ನನ್ನ ಕಡೆ."

ಅವಳು ಮುಷ್ಟಿ ಕಟ್ಟಿ, ಬೆರಳ ಸಂದಿಯಿಂದ ಚೆಂಡನ್ನು ನೆಲಕ್ಕೆ ಬಿಟ್ಟಳು. ಕೂರಿಗೆಯ ಹಿಂದೆ ನಡೆದು ಜೋಳ ಬಿತ್ತಿದ ಕೈ ಅದು.

"ಚಿಗವ್ವ, ಇದು ಬೀಜ ಅಲ್ಲ."

"ಅಂಗೈ ತೆರದ್ರ ಬೀಜ ಗಾಳಿಗೆ ಹೋಗತಾವೋ, ಮಗನ."

ಮರುದಿನ ಅಂಗೈ ತೆರೆದಳು. ಆದರೆ ರೊಟ್ಟಿ ಬಡಿದ ಹಾಗೆ ಬಡಿದಳು. ಚೆಂಡು ನನ್ನ ಹಣೆಗೆ! "ಬಡೀಬ್ಯಾಡ, ಸವರು" ಎಂದೆ. ಅಂದಿನಿಂದ ಕಪ್ಪು ಗಾಜಿನ ಬದಲು ಬಿಳಿ ಗಾಜು ಹಾಕಿದ ವೆಲ್ಡಿಂಗ್ ಮುಖವಾಡ ತೊಟ್ಟೇ ಪಾಠ ಹೇಳಿದೆ.

ಎಡಗೈಯಲ್ಲಿ ಬ್ಯಾಟು ಹಿಡಿದಿದ್ದ ನನ್ನನ್ನು ನೋಡಿ ಹಂಗಿಸಿದಳು: "ಎಡಗೈಲೆ ಆಡೋ ಗುರು ಬಾಗೇವಾಡ್ಯಾಗೂ ಸಿಗತಾನ."

ಸುಮ್ಮನಿರಲು ಆದೀತೆ? ಹಲ್ಲು ಕಚ್ಚಿ ಬಲಗೈಗೆ ಬದಲಿಸಿದೆ.

ತಿಂಗಳಾಗುವಷ್ಟರಲ್ಲಿ ಚೆಂಡು ಅವಳ ಕಡೆ ಪುಟಿದು, ಪಟ್ಟಿ ದಾಟಿ, ಸರಿಯಾಗಿ ನನ್ನ ಬಲಕ್ಕೆ ಬರತೊಡಗಿತು. ನಾನು ದಂಗಾದೆ.

"ಒಮ್ಮೆ ಎಡಕ್ಕೂ ಹಾಕು. ಪಂದ್ಯದಾಗ ಎದುರಿನಾಕಿ ತಬ್ಬಿಬ್ಬಾಗಬೇಕು."

"ಹಾಕತೇನಿ" ಎಂದಳು. ಮತ್ತೆ ಬಲಕ್ಕೇ ಹಾಕಿದಳು.

"ಅಂದಂಗ, ಪಂದ್ಯಾ ಯಾವಾಗ?"

"ಯಾವ ಪಂದ್ಯಾ?"

ನನ್ನ ಕೈ ನೋಡಿಕೊಂಡೆ. ನನಗೇ ತಿಳಿಯದಂತೆ ಮಣಿಕಟ್ಟು ತಿರುಗಿ, ಅವಳ ಚೆಂಡನ್ನು ಮರಳಿಸಿತ್ತು.

ಮುಖವಾಡ ತೆಗೆಯಲಿಲ್ಲ. ಅದರೊಳಗೆ ಕಣ್ಣು ಒದ್ದೆಯಾಗಿತ್ತು.

"ಮಾತು ಸಾಕು, ಬಲಗೈ ಎತ್ತು" ಎಂದಳು. ಅವಳ ತೆರೆದ ಅಂಗೈ ಮೇಲೆ ಇನ್ನೊಂದು ಚೆಂಡು ಕುಳಿತಿತ್ತು, ಬಿತ್ತಲು ಇಟ್ಟ ಬೀಜದ ಹಾಗೆ.